ಹೆಬ್ಬೆರಳಿನಷ್ಟು ವಸ್ತು

ಕ್ಯಾಲನೂರಿನ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ ಹಳೆಯ ಕಂಪ್ಯೂಟರೊಂದಿತ್ತು; ಅದಕ್ಕೆ ವೈಫೈ ಇರಲಿಲ್ಲ. ಮೊಮ್ಮಗಳ ಸಿಇಟಿ ಪಾಠಗಳೆಲ್ಲ ಅಂಗೈಯಗಲದ ಮೊಬೈಲಿನಲ್ಲಿ. ಅವಳ ಕಣ್ಣು ಕೆಂಪಾಗುವುದನ್ನು ಕಂಡು ಮೇಷ್ಟರಿಗೆ ಸಂಕಟ. ಹೊಸ ಯಂತ್ರಕ್ಕೆ ಪಿಂಚಣಿ ಒಪ್ಪದು.

ಕೋಲಾರದ ಅಂಗಡಿಯಲ್ಲಿ ಎರಡು ಬಗೆಯ ಯುಎಸ್‌ಬಿ ಅಡಾಪ್ಟರುಗಳಿದ್ದವು. 2.4 ಗಿಗಾಹರ್ಟ್ಸ್ ತರಂಗವೊಂದನ್ನೇ ಬಲ್ಲದ್ದು ಅಗ್ಗ. 5 ಗಿಗಾಹರ್ಟ್ಸನ್ನೂ ಬಲ್ಲದ್ದು ವೇಗಶಾಲಿ, ದುಬಾರಿ.

"ನಮ್ಮದು ಕಲ್ಲಿನ ಗೋಡೆ ತಾತ, 5ರ ವೇಗವೆಲ್ಲ ಅಲ್ಲೇ ಮುಗಿಯುತ್ತದೆ. ಅಗ್ಗದ್ದೇ ಸಾಕು" ಎಂದಳು ಮೊಮ್ಮಗಳು.

ಹಿಂದೆ ರೇಡಿಯೋಗೂ ಲೈಸೆನ್ಸು ಕಟ್ಟಿದ್ದ ಮೇಷ್ಟರು, "ಇದಕ್ಕೆ ಲೈಸೆನ್ಸು ಬೇಡವೇನಮ್ಮ?" ಎಂದರು. ಸರ್ಕಾರವು 2005ರಲ್ಲೇ 2.4ರ ತರಂಗಗಳನ್ನು ಆ ಹಂಗಿನಿಂದ ಬಿಡಿಸಿತ್ತು.

ಚಾಲಕ ತಂತ್ರಾಂಶವನ್ನು ಮೊಬೈಲಿನಲ್ಲಿ ಇಳಿಸಿ ತಂದು ಹಾಕಿದ್ದಾಯಿತು. ಆದರೂ ಸಂಪರ್ಕ ಮಿಣುಕುತ್ತಿತ್ತು. "ಅಗ್ಗದ ಮಾಲು!" ಎಂದು ಮೇಷ್ಟರು ನಿಟ್ಟುಸಿರಿಟ್ಟರು. ತಪ್ಪು ಮಾಲಿನದಲ್ಲ, ಕಂಪ್ಯೂಟರಿನ ತಗಡಿನ ಪೆಟ್ಟಿಗೆಯೇ ತರಂಗಕ್ಕೆ ಅಡ್ಡ ನಿಂತಿತ್ತು. ಮೊಮ್ಮಗಳು ಉದ್ದದ ಯುಎಸ್‌ಬಿ ತಂತಿ ಜೋಡಿಸಿ, ಅಡಾಪ್ಟರನ್ನು ಹಿಂಬದಿಯಿಂದ ಬಿಡಿಸಿ ಬಾಗಿಲ ಬಳಿಯ ಗೂಡಿನಲ್ಲಿಟ್ಟಳು. ಪಾಠ ದೊಡ್ಡ ಪರದೆಯ ಮೇಲೆ ತೆರೆಯಿತು.

ಅಂಗಡಿಯಲ್ಲಿ ಅವಳು ಯೋಚಿಸಿದ್ದು ಗೋಡೆಯನ್ನೋ, ತಾತನ ಜೇಬನ್ನೋ ಎಂಬುದು ಮಾತ್ರ ಮೇಷ್ಟರಿಗೆ ಕೊನೆಗೂ ಬಗೆಹರಿಯಲಿಲ್ಲ.