ಊರು ನಿಂತಿದೆ, ವಿಳಾಸ ನಡೆದಿದೆ



ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಹಿರಿಯರ ಕಾಗದಪತ್ರಗಳಿದ್ದರೆ ಒಮ್ಮೆ ತೆಗೆದು ನೋಡಿರಿ. ನನಗೆ ದೊರೆತುದು ಅಜ್ಜನವರು ಕನ್ನಡದಲ್ಲಿ ಬರೆಯಿಸಿದ ಒಂದು ಹೊಲದ ಕಾಗದ. ಅದರಲ್ಲಿ ನಮ್ಮ ದೇವರ ಹಿಪ್ಪರಗಿಯು ಮುಂಬಯಿ ಇಲಾಖೆಯ ಬಿಜಾಪುರ ಜಿಲ್ಲೆಗೆ ಸೇರಿದೆ. 1956ರ ನವೆಂಬರ್ 1ರಂದು ಅದೇ ಊರು ಮೈಸೂರು ರಾಜ್ಯಕ್ಕೆ ಬಂದಿತು. 1973ರಲ್ಲಿ ಆ ರಾಜ್ಯವೇ ಕರ್ನಾಟಕವೆನಿಸಿತು. 2014ರಲ್ಲಿ ಬಿಜಾಪುರವು ವಿಜಯಪುರವಾಯಿತು. ಸಿಂದಗಿ ತಾಲೂಕಿನೊಳಗಿದ್ದ ಊರು, 2017ರ ಮುಂಗಡಪತ್ರದ ಘೋಷಣೆಯಂತೆ ತಾನೇ ತಾಲೂಕಾಯಿತು. ಒಂದು ಗೇಣೂ ಕದಲದ ಊರಿನ ವಿಳಾಸವು ನಾಲ್ಕು ಬಾರಿ ಬದಲಾದುದು ಸೋಜಿಗವಲ್ಲವೇ?

ಸ್ಥಿರವೆಂದು ನಾವು ನಂಬಿದ ಆಕಾಶದ ಲೆಕ್ಕವೂ ಹೀಗೆಯೇ. ಜನವರಿ 14 ಅಥವಾ 15ರಂದು ಸಂಕ್ರಾಂತಿಯನ್ನು ಆಚರಿಸಿ ಉತ್ತರಾಯಣ ಬಂದಿತೆನ್ನುತ್ತೇವೆ. ಆದರೆ ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ರ ಸುಮಾರಿಗೆ. ತಿರುಗುವ ಬುಗುರಿಯಂತೆ ಭೂಮಿಯ ಅಕ್ಷವು ಮೆಲ್ಲಗೆ ಓಲಾಡುತ್ತ ಸುಮಾರು 26,000 ವರ್ಷಗಳಿಗೆ ಒಂದು ಸುತ್ತು ಮುಗಿಸುತ್ತದೆ. ಆದುದರಿಂದ ನಕ್ಷತ್ರಗಳನ್ನು ಹಿಡಿದು ಎಣಿಸುವ ಸಂಕ್ರಾಂತಿಯು ಋತುವಿನಿಂದ ಸುಮಾರು 72 ವರ್ಷಗಳಿಗೆ ಒಂದು ದಿನ ದೂರ ಸರಿಯುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಅವೆರಡೂ ಒಂದೇ ದಿನ ಕೂಡಿದ್ದವು. ಧ್ರುವನಕ್ಷತ್ರದ ಪಟ್ಟವೂ ಒಂದೇ ನಕ್ಷತ್ರಕ್ಕೆ ಶಾಶ್ವತವಲ್ಲ.

ಇನ್ನು ಮನುಷ್ಯನ ನಡಿಗೆ. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಈ ಊರಿನಿಂದ ಕಲ್ಯಾಣಕ್ಕೆ ನಡೆದರು. ಇಂದು ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಸೀಮೆಯವರು ಗುಳೆ ಹೊರಟು ಗೋವೆ, ಪುಣೆ, ಬೆಂಗಳೂರುಗಳನ್ನು ಸೇರುತ್ತಾರೆ. ಮತದಾನಕ್ಕೆಂದು ಬಂದು ಮರುದಿನವೇ ಹಿಂದಿರುಗುವವರೂ ಉಂಟು. ಅವರ ಮತ ಇಲ್ಲಿ, ಅನ್ನ ಅಲ್ಲಿ.

ನನ್ನ ಮಗನೂ ಗೋವೆಯಲ್ಲಿಯೇ ನೆಲೆಸಿದ್ದಾನೆ. ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಲು ಬಂದ ಮೊಮ್ಮಗನಿಗೆ ಆ ಕಾಗದವನ್ನು ತೋರಿಸಿದೆನು. ಹಿಂದೆ ಮುಂದೆ ತಿರುವಿ ನೋಡಿ, “ಮುತ್ಯಾ, ಇದರಾಗ ಏನ್ ಬರದಾರ?” ಎಂದನು. ಮಾತು ನಮ್ಮದೇ, ಅಕ್ಷರ ಒಂದೂ ತಿಳಿಯದು. ನನ್ನೆದೆ ಧಸಕ್ಕೆಂದಿತು. ತಪ್ಪು ಹುಡುಗನದಲ್ಲ. “ಇಂಗ್ಲೀಷ ಕಲಸ್ರಿ, ಕನ್ನಡ ತಾನ ಬರತೈತಿ” ಎಂದು ಮಗ ಸೊಸೆಯರಿಗೆ ಹೇಳಿದವನು ನಾನೇ.

ವಾಚಕರೇ, ರಾಜ್ಯದ ಗಡಿ ಸರಿದ ಮಾತ್ರಕ್ಕೆ ಭಾಷೆ ಅಳಿಯುವುದಿಲ್ಲ. ಮುಂಬಯಿ ಸರಕಾರದ ಕಾಲದಲ್ಲಿಯೂ ನಮ್ಮಜ್ಜನ ಕಾಗದ ಕನ್ನಡದಲ್ಲಿಯೇ ಇದ್ದಿತು. ಮಹಾರಾಷ್ಟ್ರಕ್ಕೆ ಸೇರಿದ ಅಕ್ಕಲಕೋಟೆ, ಜತ್ತಗಳಲ್ಲಿ ಇಂದಿಗೂ ಕನ್ನಡವಾಡುವ ಮನೆಗಳಿವೆ. ನಾಲ್ಕು ವಿಳಾಸಗಳನ್ನು ದಾಟಿ ಬಂದ ಅಕ್ಷರವು ನನ್ನ ಮನೆಯಲ್ಲಿ ಒಂದೇ ತಲೆಮಾರಿಗೆ ನಿಂತುಹೋಗಿತ್ತು. ಕಲಿಸಬೇಕಾದವನು ಸುಮ್ಮನಿದ್ದುದೇ ಅದಕ್ಕೆ ಕಾರಣ.

ಬೇಸಿಗೆಯ ರಜೆಯಲ್ಲಿ ಅವನನ್ನು ಕರೆಯಿಸಿಕೊಂಡು ದಿನವೂ ಮುಂಜಾನೆ ಪಾಟಿಯ ಮುಂದೆ ಕೂರಿಸಿದೆನು. ಹೊರಡುವ ಹಿಂದಿನ ದಿನ ಅವನು ತಾನಾಗಿಯೇ ಊರಿನ ಹೆಸರನ್ನು ಬರೆದು ತಂದನು: “ದೇವರ ಹಿಪರಗಿ”. ಒತ್ತಕ್ಷರವೊಂದು ಬಿಟ್ಟುಹೋಗಿತ್ತು. ಅವನ ಕೈ ಹಿಡಿದು ‘ಪ’ದ ಕೆಳಗೆ ಇನ್ನೊಂದು ‘ಪ’ವನ್ನು ಬರೆಯಿಸಿದೆನು. ಆ ಪಾಟಿಯನ್ನು ಇನ್ನೂ ಒರೆಸಿಲ್ಲ.