ಅಪ್ಪನ ಕಣ್ಣೂ ನನ್ನ ಅಪ್‌ಗ್ರೇಡೂ

ತುಂಬಾ ದಿನದಿಂದ ಇದನ್ನ ಬರೆಯೋಣ ಅಂತಿದ್ದೆ. ಸ್ವಲ್ಪ ನಾಚಿಕೆಯಾಗಿ ಮುಂದೂಡುತ್ತಾ ಬಂದೆ. ಸಾಫ್ಟ್‌ವೇರ್‌ನಲ್ಲೇ ಅನ್ನ ತಿನ್ನುವವನು ಸ್ವಂತ ಮನೆಯ ಕಂಪ್ಯೂಟರ್ ಕೆಡಿಸಿಟ್ಟು, ಐದು ತಿಂಗಳು ಅದು ಗೊತ್ತೇ ಇಲ್ಲದೆ ಬೆಂಗಳೂರಲ್ಲಿ ಹಾಯಾಗಿದ್ದ ಕತೆ ಇದು.

2025ರ ದೀಪಾವಳಿಗೆ ಗೋಕಾಕಕ್ಕೆ ಹೋಗಿದ್ದೆ. ರಾತ್ರಿ ಊಟ ಆದ ಮೇಲೆ ಫೋಟೋ ಕಾಪಿ ಮಾಡೋಣ ಅಂತ ಅಪ್ಪನ ಕಂಪ್ಯೂಟರ್ ಮುಂದೆ ಕೂತೆ. ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ತಕ್ಷಣ ಹೊಳೆಯಲಿಲ್ಲ. ಆಮೇಲೆ ಕಂಡದ್ದು ಸೊನ್ನೆ. ಪರದೆ ಮೇಲಿನ ಸೊನ್ನೆಗಳೆಲ್ಲ ಯಾರೋ ಮೇಲಿಂದ ಒತ್ತಿದ ಹಾಗೆ ಚಪ್ಪಟೆಯಾಗಿದ್ದವು. ಅಕ್ಷರಗಳು ಅಡ್ಡಡ್ಡ ಎಳೆದಂತೆ, ಅಂಚೆಲ್ಲ ಮಸುಕು ಮಸುಕು.

"ಅಪ್ಪಾ, ಇದು ಯಾವಾಗಿಂದ ಹಿಂಗೈತ್ರಿ?" ಅಂತ ಕೇಳಿದೆ.

"ಹೆಂಗೈತಿ?" ಅಂದರು ಅಪ್ಪ.

ಅಪ್ಪ ನಿವೃತ್ತ ಪ್ರೈಮರಿ ಸ್ಕೂಲ್ ಮಾಸ್ತರು. ಸರ್ವಿಸಿನ ಹೆಚ್ಚಿನ ಕಾಲ ಮೂಡಲಗಿಯಲ್ಲಿ ಕಳೆದವರು. ನಿವೃತ್ತಿಯಾದ ಮೇಲೆ ಒಂದು ಕೆಲಸ ಹಚ್ಚಿಕೊಂಡಿದ್ದಾರೆ. ಹುಕ್ಕೇರಿಯಲ್ಲಿ ಅವರ ಅಕ್ಕ, ಅಂದರೆ ನನ್ನ ಅತ್ತಿ ಇದ್ದಾರೆ. ಎಂಬತ್ತು ದಾಟಿದೆ. ಅತ್ತಿಗೆ ಬೀಸುಕಲ್ಲಿನ ಪದ, ಸೋಬಾನ ಪದ ಲೆಕ್ಕವಿಲ್ಲದಷ್ಟು ಬರುತ್ತವೆ. ಅಪ್ಪ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಹುಕ್ಕೇರಿಗೆ ಹೋಗಿ, ಅಕ್ಕನ ಹತ್ತಿರ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು, ಮನೆಯಲ್ಲಿ ಕಗಪ ಕೀಲಿಮಣೆಯಲ್ಲಿ ಒಂದೊಂದೇ ಅಕ್ಷರ ಕುಟ್ಟುತ್ತಾ ಕೂರುತ್ತಿದ್ದರು. ಅವರಿಗೆ ಉಬುಂಟು ಹಾಕಿಕೊಟ್ಟವನು ನಾನೇ. "ವೈರಸ್ಸಿಲ್ಲ, ದುಡ್ಡಿಲ್ಲ, ಯುನಿಕೋಡ್ ಕನ್ನಡ ಚೆಂದ ಮೂಡ್ತದ" ಅಂತೆಲ್ಲ ಭಾಷಣ ಬೇರೆ ಬಿಗಿದಿದ್ದೆ :-)

ಕಳೆದ ಬೇಸಿಗೆಯಲ್ಲಿ, 2025ರ ಮೇ ತಿಂಗಳಲ್ಲಿ, ಉಬುಂಟು 20.04ರ ಸಾಮಾನ್ಯ ಬೆಂಬಲ ಮುಗಿಯುವುದಿತ್ತು. ಆಗ ರಜೆಗೆ ಬಂದವನು 22.04ಕ್ಕೆ ಅಪ್‌ಗ್ರೇಡ್ ಹಚ್ಚಿದೆ. ಅದು ಮುಗಿಯುವ ಹೊತ್ತಿಗೆ ನನ್ನ ಬೆಂಗಳೂರು ಬಸ್ಸಿನ ಟೈಮ್ ಆಗಿತ್ತು. ರೀಬೂಟ್ ಆಯ್ತು, ಲಾಗಿನ್ ಪರದೆ ಬಂತು. "ಆತ್ರಿ ಅಪ್ಪಾ, ಎಲ್ಲಾ ಹೊಸಾದು ಹಾಕೇನಿ" ಅಂತ ಹೇಳಿ ಬ್ಯಾಗ್ ಎತ್ತಿಕೊಂಡು ಓಡಿದೆ. ಪರದೆಯನ್ನ ಸರಿಯಾಗಿ ನೋಡಲೂ ಇಲ್ಲ.

ಈಗ ಸೆಟ್ಟಿಂಗ್ಸ್ ತೆಗೆದರೆ ರೆಸಲ್ಯೂಷನ್ 1024x768 ಒಂದೇ ಇದೆ. ಅಪ್ಪನ ಮಾನಿಟರ್ 1600x900ರದ್ದು. ಅಂದರೆ ಪರದೆಯಲ್ಲಿ 14 ಲಕ್ಷ 40 ಸಾವಿರ ಚುಕ್ಕೆ ಇದ್ದರೂ ಕಂಪ್ಯೂಟರ್ ಕಳಿಸುತ್ತಿದ್ದದ್ದು 7 ಲಕ್ಷ 86 ಸಾವಿರದಷ್ಟು ಮಾತ್ರ. ಉಳಿದದ್ದನ್ನ ಮಾನಿಟರ್ ಎಳೆದು ತುಂಬಿಸುತ್ತಿತ್ತು. ಇಂಗ್ಲಿಷ್ ಆದರೆ ಹೇಗೋ ಓದಬಹುದು. ಕನ್ನಡದಲ್ಲಿ ದ, ಧ, ಥ ಮೂರಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಗೀಟು ಅಥವಾ ಹೊಟ್ಟೆಯೊಳಗಿನ ಒಂದು ಚುಕ್ಕೆ. ಪ, ಷಗಳದ್ದೂ ಅದೇ ಪಾಡು. ಕೆಳಗಿನ ಒತ್ತಕ್ಷರವಂತೂ ಬರೀ ಮಸಿಯ ಕಲೆ.

ಸರಿ, ಎಲ್ಲರೂ ಹೇಳುವ ಮದ್ದು ಮೊದಲು ಮಾಡಿದೆ. ಟರ್ಮಿನಲ್‌ನಲ್ಲಿ ಸಿವಿಟಿ ಕೊಟ್ಟು ಬೇಕಾದ ಮೋಡ್‌ಲೈನ್ ಪಡೆದು, ಎಕ್ಸ್‌ರ್ಯಾಂಡರ್‌ನಿಂದ ಸೇರಿಸಲು ನೋಡಿದೆ. ಎರರ್ ಮೇಲೆ ಎರರ್. ಔಟ್‌ಪುಟ್ಟಿನ ಹೆಸರು ವಿಜಿಎ ಅಂತಲೋ ಎಚ್‌ಡಿಎಂಐ ಅಂತಲೋ ಬರಬೇಕು, ಇಲ್ಲಿ ಬರೀ 'ಡಿಫಾಲ್ಟ್' ಅಂತ ಬರುತ್ತಿತ್ತು. ಅಲ್ಲಿಗೆ ತಲೆಗೆ ಹೋಯಿತು. ಇಲ್ಲಿ ನಿಜವಾದ ಗ್ರಾಫಿಕ್ಸ್ ಡ್ರೈವರ್ರೇ ಇಲ್ಲ, ಯಾವುದೋ ಆಪದ್ಧರ್ಮದ ಡ್ರೈವರ್ ಗಾಡಿ ಓಡಿಸುತ್ತಿದೆ. ಎಲ್‌ಎಸ್‌ಪಿಸಿಐ ಕಮ್ಯಾಂಡಿಗೆ ಕೆ ಆಪ್ಷನ್ ಕೊಟ್ಟು ನೋಡಿದರೆ ಅದೇ ನಿಜ. ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಅಂತ ಹೇಳುವ ಸಾಲೇ ಇಲ್ಲ.

ಕಾರ್ಡು ಹಳೇ ಜೀಫೋರ್ಸ್ 210. 2009ರಲ್ಲಿ ಬಂದದ್ದು. ಇದಕ್ಕೆ ಕಂಪನಿಯ ಕೊನೆಯ ಡ್ರೈವರ್ 340 ಸರಣಿಯದು, ಅದರ ಬೆಂಬಲ 2019ರ ಕೊನೆಗೇ ಮುಗಿದಿದೆ. 20.04ರಲ್ಲಿ ಅದು ಸಿಗುತ್ತಿತ್ತು, 22.04ರಲ್ಲಿ ಇಲ್ಲ. ಹಾಗಂತ ತೊಂದರೆಯೇನೂ ಆಗಬಾರದು. ನೂವೋ ಅನ್ನುವ ಮುಕ್ತ ಡ್ರೈವರ್ 2010ರಿಂದಲೂ ಲಿನಕ್ಸ್ ಕರ್ನಲ್ ಒಳಗೇ ಇದೆ, ಈ ಕಾರ್ಡಿಗೆ ಅದು ಸಾಕು. ಮತ್ತೆ ಯಾಕೆ ಬರಲಿಲ್ಲ?

ಹುಡುಕಿದರೆ ಮೋಡ್‌ಪ್ರೋಬ್ ಫೋಲ್ಡರಿನಲ್ಲಿ ಒಂದು ಫೈಲ್ ಸಿಕ್ಕಿತು. ಎರಡೇ ಸಾಲು. ನೂವೋವನ್ನ ಲೋಡ್ ಮಾಡಬೇಡ ಅಂತ. ಬರೆದದ್ದು ಯಾರು? ನಾನೇ. 2020ರಲ್ಲಿ ಹಳೇ ಡ್ರೈವರ್ ಹಾಕುವಾಗ ಎರಡೂ ಜಗಳಾಡಬಾರದು ಅಂತ ಕೈಯಾರೆ ಬರೆದು ಮರೆತಿದ್ದೆ. ನಾವು ಬರೆದಿಟ್ಟ ಇಂಥ ಫೈಲನ್ನ ಅಪ್‌ಗ್ರೇಡ್ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಹೀಗಾಗಿ ಹಳೇದು ಹೋಗಿತ್ತು, ಹೊಸದಕ್ಕೆ ನಾನೇ ಬಾಗಿಲು ಹಾಕಿದ್ದೆ. ಫ್ರೆಂಚಿನಲ್ಲಿ ನೂವೋ ಅಂದರೆ 'ಹೊಸದು' ಅಂತಲೇ ಅರ್ಥವಂತೆ!

ಫೈಲ್ ಅಳಿಸಿದೆ. ಇನಿಟ್‌ರ್ಯಾಮ್‌ಎಫ್‌ಎಸ್ ಮತ್ತೆ ಕಟ್ಟಿಸಿದೆ. ಇದನ್ನ ಬಿಟ್ಟರೆ ಹಳೇ ನಿಷೇಧ ಬೂಟ್ ಆಗುವಾಗ ಹಾಗೇ ಉಳಿದುಬಿಡಬಹುದು. ರೀಬೂಟ್. ನಾನೇನೂ ಹೇಳಿಕೊಡಬೇಕಾಗಲಿಲ್ಲ. ಪ್ರತಿ ಮಾನಿಟರಿನಲ್ಲೂ ತನ್ನ ಅಳತೆ ಹೇಳುವ ಒಂದು ಪುಟ್ಟ ಜಾತಕ ಇರುತ್ತದೆ, ಇಡಿಐಡಿ ಅಂತ. ನಿಜವಾದ ಡ್ರೈವರ್ ಬಂದದ್ದೇ ತಾನೇ ಅದನ್ನ ಕೇಳಿ ತಿಳಿದುಕೊಂಡು 1600x900ಕ್ಕೆ ಕೂತಿತು. ಒಟ್ಟು ಅರ್ಧ ಗಂಟೆಯ ಕೆಲಸ.

ಅಪ್ಪನ್ನ ಕರೆದು ಕೂರಿಸಿದೆ. ಅವರ ಪದಗಳ ಫೈಲ್ ತೆಗೆದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಅಂದ್ರ ಇದು ನನ್ನ ಕಣ್ಣಲ್ಲ?" ಅಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವ್ವ ಹೇಳಿದಳು. ಎರಡು ವರ್ಷದ ಹಿಂದೆ ಅಪ್ಪನಿಗೆ ಪೊರೆ ಆಪರೇಷನ್ ಆಗಿತ್ತು. ಮೇ ತಿಂಗಳಿಂದ ಅಕ್ಷರ ಮಸುಕಾದಾಗ, ಕಣ್ಣು ಮತ್ತೆ ಹೋಗುತ್ತಿದೆ ಅಂತಲೇ ತಿಳಿದರಂತೆ. ಡಾಕ್ಟರು ಪರೀಕ್ಷೆ ಮಾಡಿ "ನಂಬರ್ ಬದಲಾಗಿಲ್ರಿ ಮಾಸ್ತರ" ಅಂದರೂ, ಸಮಾಧಾನಕ್ಕೆ ಹೇಳುತ್ತಾರೆ ಅಂತ ನಂಬದೆ, ಮೂಡಲಗಿಯಲ್ಲಿ ಚಾಳೀಸಿನ ಅಂಗಡಿ ಇಟ್ಟ ಹಳೇ ಶಿಷ್ಯನ ಹತ್ತಿರ ಹೋಗಿ ಹೊಸ ಕನ್ನಡಕ ಮಾಡಿಸಿಕೊಂಡು ಬಂದರಂತೆ. ಅದರಿಂದಲೂ ಆಗಲಿಲ್ಲ. ಟೈಪ್ ಮಾಡುವುದು ನಿಲ್ಲಿಸಿದರು. ಆಮೇಲೆ ಹುಕ್ಕೇರಿಗೆ ಹೋಗುವುದನ್ನೂ.

"ನನಗ ಯಾಕ ಫೋನ್ ಮಾಡಲಿಲ್ರಿ?" ಅಂತ ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ನೀ ಎಲ್ಲಾ ಹೊಸಾದು ಹಾಕೇನಿ ಅಂದಿದ್ದೆಲ್ಲೋ ತಮ್ಮಾ. ಹೊಸಾದು ಕೆಟ್ಟಿರ್ತೈತೇನು? ಮನ್ಯಾಗ ಹಳೇದಂದ್ರ ನನ್ನ ಕಣ್ಣs."

ನಾನೇನೂ ಮಾತಾಡಲಿಲ್ಲ.

ಮರುದಿನ ಇಬ್ಬರೂ ಹುಕ್ಕೇರಿಗೆ ಹೋದೆವು. ಅತ್ತಿಗೆ ಅಂತ ಕರದಂಟು ತಗೊಂಡಿದ್ದೆವು, ಹಲ್ಲಿಲ್ಲದಿದ್ದರೂ ಬಿಡುವುದಿಲ್ಲ. ಅಪ್ಪ ನೋಟ್‌ಬುಕ್ ಬಿಚ್ಚಿ, ಬೇಸಿಗೆಯಲ್ಲಿ ಅರ್ಧಕ್ಕೆ ನಿಂತಿದ್ದ ಒಂದು ಪದ ಓದಿ "ಮುಂದಿಂದು ಹೇಳs ಅಕ್ಕಾ" ಅಂದರು. ಅತ್ತಿ ಕಣ್ಣು ಮುಚ್ಚಿ ಧಾಟಿ ಹಿಡಿದರು. ಧಾಟಿ ಪೂರ್ತಿ ಬಂತು, ಮಾತು ಬರಲಿಲ್ಲ. "ಆವಾಗ ನೆನಪಿತ್ತಪಾ" ಅಂದರು. ಬೇರೆ ಎರಡು ಪದ ಸಿಕ್ಕವು. ಅದು ಮಾತ್ರ ಅರ್ಧಕ್ಕೇ ನಿಂತಿದೆ.

ಸ್ನೇಹಿತರೇ, ನಿಮ್ಮಲ್ಲೂ ಹಲವರು ಊರಲ್ಲಿ ಅಪ್ಪ ಅಮ್ಮನಿಗೆ ಲಿನಕ್ಸ್ ಹಾಕಿಕೊಟ್ಟಿರುತ್ತೀರಿ. ಅಪ್‌ಗ್ರೇಡ್ ಆದ ಮೇಲೆ ಲಾಗಿನ್ ಪರದೆ ಕಂಡ ಕೂಡಲೇ ಬಸ್ಸಿಗೆ ಓಡಬೇಡಿ. ಅವರನ್ನೇ ಮುಂದೆ ಕೂರಿಸಿ, ಅವರದೇ ಫೈಲಿನಿಂದ ನಾಲ್ಕು ಸಾಲು ಓದಿಸಿ, ಕೇಳಿಸಿಕೊಂಡು ಹೊರಡಿ.