ಓಲೆಗರಿಯಿಂದ ಓದುಗನವರೆಗೆ

ಪ್ರಾಚೀನ ಗ್ರಂಥವೊಂದು ದೊರೆಯಿತೆಂದರೆ ಯಾರೋ ಅದೃಷ್ಟಶಾಲಿಗಳ ಕೈಗೆ ನಿಧಿ ಸಿಕ್ಕಿತೆಂದು ಭಾವಿಸುವುದು ವಾಡಿಕೆ. ವಾಸ್ತವದಲ್ಲಿ ಹೆಚ್ಚಿನ ಗ್ರಂಥಗಳು ಎಲ್ಲಿಯೂ ಕಳೆದುಹೋಗಿರಲಿಲ್ಲ. ಅವು ಮನೆಗಳ ಜಗಲಿಯ ಮೇಲೆ, ಮಠಗಳ ಭಂಡಾರಗಳಲ್ಲಿ, ಅಟ್ಟದ ಪೆಟ್ಟಿಗೆಗಳಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆಯೇ ಇದ್ದವು. ಇಲ್ಲದಿದ್ದುದು ಅವುಗಳನ್ನು ಬಿಚ್ಚಿ ಓದುವವರು. ಆದುದರಿಂದ ಗ್ರಂಥಶೋಧನೆಯ ಇತಿಹಾಸವೆಂಬುದು ಬಹುಮಟ್ಟಿಗೆ ಓದಿದವರ ಇತಿಹಾಸವೇ ಆಗಿದೆ.

ಇದಕ್ಕೆ ಮೈಸೂರಿನಲ್ಲಿ ನಡೆದ ಒಂದು ಸಂಗತಿಯು ಉತ್ತಮ ನಿದರ್ಶನ. ಅಲ್ಲಿಯ ಓರಿಯೆಂಟಲ್ ಲೈಬ್ರರಿಯು 1891ರಲ್ಲಿ ಸ್ಥಾಪಿತವಾಯಿತು. ಮುಂದೆ ಕೆಲವು ವರ್ಷಗಳಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯಲ್ಲಿದ್ದ ಒಂದು ಓಲೆಕಟ್ಟನ್ನು ಅದರ ಅಧಿಕಾರಿಗಳಿಗೆ ಒಪ್ಪಿಸಿದರು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿದಾಗ, ಅಲ್ಲಿಯವರೆಗೆ ಇತರರ ಉಲ್ಲೇಖಗಳಿಂದ ಮಾತ್ರ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವು ಅದೆಂದು ಗೊತ್ತಾಯಿತು. ಅವರು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದ ಮೇಲೆ ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯನ್ನು ಕುರಿತ ವಿದ್ವಾಂಸರ ಗ್ರಹಿಕೆಯೇ ಬದಲಾಯಿತು. ಆ ಕಟ್ಟನ್ನು ತಂದುಕೊಟ್ಟ ಪಂಡಿತರು ಇತಿಹಾಸದಲ್ಲಿ ಅನಾಮಧೇಯರಾಗಿಯೇ ಉಳಿದರು. ಕಾಪಾಡಿದವರು, ಓದಿ ಗುರುತಿಸಿದವರು, ಅಚ್ಚುಮಾಡಿಸಿದವರು ಎಂಬ ಮೂವರಲ್ಲಿ ಒಬ್ಬರು ತಪ್ಪಿದರೂ ಗ್ರಂಥವು ಲೋಕಕ್ಕೆ ದಕ್ಕುವುದಿಲ್ಲ.

ಕನ್ನಡದ ವಚನ ಸಾಹಿತ್ಯಕ್ಕೆ ಈ ಮೂರು ಹೊಣೆಗಳನ್ನೂ ಒಬ್ಬರೇ ಹೊತ್ತ ಪ್ರಸಂಗವು ಒದಗಿತು. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಮುಂಬಯಿಯಲ್ಲಿ ಉನ್ನತ ವ್ಯಾಸಂಗವನ್ನು ಮುಗಿಸಿ, 1904ರಲ್ಲಿ ಕಾನೂನು ಪದವಿಯನ್ನು ಪಡೆದರು. ಕೆಲಕಾಲ ಬೆಳಗಾವಿಯಲ್ಲಿದ್ದು, ಬಳಿಕ ಇಂದು ವಿಜಯಪುರವೆನಿಸಿರುವ ಅಂದಿನ ವಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿ ನೆಲೆನಿಂತರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದುದರಿಂದ ಅಕ್ಷರದ ಮೇಲಿನ ಒಲವು ಅವರಿಗೆ ಮನೆಯಿಂದಲೇ ಬಂದಿತ್ತು. ರಬಕವಿಯ ಮನೆಯೊಂದರಲ್ಲಿ ಪ್ರಭುದೇವರ ವಚನಗಳ ಓಲೆಕಟ್ಟನ್ನು ಕಂಡುದು ಅವರ ಬಾಳಿನ ದಿಕ್ಕನ್ನೇ ತಿರುಗಿಸಿತು.

ವಚನಗಳು ಅದಕ್ಕೆ ಮುಂಚೆ ಅಚ್ಚಾಗಿಯೇ ಇರಲಿಲ್ಲವೆಂದು ಹೇಳಲಾಗದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಕೆಲವು ವಚನಗ್ರಂಥಗಳು ಮುದ್ರಣವನ್ನು ಕಂಡಿದ್ದವು. ಆದರೆ ಅವು ಭಕ್ತರ ಪಾರಾಯಣದ ವಲಯವನ್ನು ದಾಟಿರಲಿಲ್ಲ. ಪಂಪನಿಂದ ಮೊದಲ್ಗೊಂಡು ಚಂಪೂಕವಿಗಳನ್ನು ಎಣಿಸುತ್ತಿದ್ದ ಸಾಹಿತ್ಯ ಚರಿತ್ರೆಯಲ್ಲಿ ವಚನಕಾರರಿಗೆ ದೊರೆತಿದ್ದ ಸ್ಥಳವು ಅತ್ಯಲ್ಪವಾಗಿತ್ತು. ಹಳಕಟ್ಟಿಯವರು ನ್ಯಾಯಾಲಯದ ಕೆಲಸವಿಲ್ಲದ ದಿನಗಳಲ್ಲಿ ಹಳ್ಳಿಹಳ್ಳಿಗೆ ಹೋಗಿ, ಮನೆ ಮಠಗಳ ಬಾಗಿಲನ್ನು ತಟ್ಟಿ, ಸಾವಿರದಷ್ಟು ಓಲೆಕಟ್ಟುಗಳನ್ನು ಕೂಡಿಹಾಕಿದರೆಂದು ಅವರ ಜೀವನಚರಿತ್ರೆಕಾರರು ಬರೆದಿದ್ದಾರೆ.

ಕೇಳಿದೊಡನೆ ಕಟ್ಟನ್ನು ಕೊಡುವವರು ವಿರಳ. ಅದು ಹಿರಿಯರು ಪೂಜಿಸಿದ ವಸ್ತು. ಮಹಾನವಮಿಯಂದು ವಿಭೂತಿ ಪತ್ರಿಗಳನ್ನು ಏರಿಸಿ ಕೈಮುಗಿಯುವ ವಸ್ತು. ಬಿಚ್ಚಿದರೆ ಅಪಚಾರವಾದೀತೆಂಬ ಅಂಜಿಕೆಯೂ ಪರರ ಕೈಗೆ ಹೋದರೆ ಮರಳಿ ಬಾರದೆಂಬ ಸಂಶಯವೂ ಸಹಜವೇ. ಈ ಪೂಜ್ಯಭಾವನೆಯನ್ನು ಲಘುವಾಗಿ ಕಾಣುವಂತಿಲ್ಲ. ಕಲ್ಯಾಣದ ಕ್ರಾಂತಿಯ ತರುವಾಯ ಏಳೆಂಟು ನೂರು ವರ್ಷಗಳ ಕಾಲ ವಚನಗಳು ಉಳಿದುಬಂದುದು ಇಂತಹ ಮನೆಗಳ ಶ್ರದ್ಧೆಯಿಂದಲೇ. ಆದರೆ ಅದೇ ಶ್ರದ್ಧೆಯು ಓದನ್ನು ತಡೆದಾಗ ಗೆದ್ದಲಿಗೆ ಅನುಕೂಲವಾಯಿತು. ಜೀರ್ಣವಾದ ಕಟ್ಟುಗಳನ್ನು ಭಕ್ತಿಯಿಂದಲೇ ಹೊಳೆಗೆ ಬಿಟ್ಟವರೂ ಉಂಟು. ಹೀಗೆ ಹೋದ ಕಟ್ಟುಗಳಲ್ಲಿ ಏನಿತ್ತೆಂದು ಇನ್ನು ಯಾರೂ ಹೇಳಲಾರರು.

ಕಟ್ಟು ಕೈಗೆ ಬಂದ ಮೇಲೆ ನಿಜವಾದ ದುಡಿಮೆಯು ಆರಂಭವಾಗುತ್ತದೆ. ಓಲೆಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳು ಮಸಿಯನ್ನು ಸವರುವವರೆಗೆ ಕಣ್ಣಿಗೆ ಕಾಣವು. ಪದಗಳ ನಡುವೆ ತೆರಪಿಲ್ಲ; ವಾಕ್ಯವು ಮುಗಿಯಿತೆಂಬ ಗುರುತಿಲ್ಲ. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬರವಣಿಗೆಯಲ್ಲಿ ಭೇದವಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ಎಷ್ಟೋ ವೇಳೆ ಕಲಸಿಹೋಗಿವೆ. ಒಂದೇ ಪದವು ಎರಡು ಸಾಲುಗಳಲ್ಲಿ ಬಂದಿದ್ದರೆ ಲಿಪಿಕಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ, ನಡುವಣ ಮಾತೆಲ್ಲ ಬಿಟ್ಟುಹೋಗುತ್ತದೆ.

ವಚನಗಳಲ್ಲಿ ಇನ್ನೊಂದು ವಿಶೇಷ ತೊಡಕುಂಟು. ವಚನದ ಕರ್ತೃವನ್ನು ತಿಳಿಸುವುದು ಕೊನೆಯಲ್ಲಿ ಬರುವ ಅಂಕಿತ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ಅವರ ಸೋದರಳಿಯ ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ನಡುವಣ ‘ಚೆನ್ನ’ ಎಂಬ ಎರಡು ಅಕ್ಷರಗಳು ಲಿಪಿಕಾರನ ಅನವಧಾನದಿಂದ ಬಿಟ್ಟುಹೋದರೆ ಅಳಿಯನ ಮಾತು ಸೋದರಮಾವನದಾಗಿಬಿಡುತ್ತದೆ. ಅಲ್ಲಿ ಪ್ರತಿಗಳನ್ನು ಹೋಲಿಸಿ, ಭಾಷೆಯ ಬಳಕೆಯನ್ನು ನೋಡಿ, ವಿಚಾರದ ಧಾಟಿಯನ್ನು ತೂಗಿ ನಿರ್ಣಯಕ್ಕೆ ಬರಬೇಕು. ಒಂದು ಅಕ್ಷರಕ್ಕಾಗಿ ಒಂದು ವಾರ ಕಾಯುವ ತಾಳ್ಮೆಯಿಲ್ಲದವರಿಗೆ ಈ ಕೆಲಸವು ಒಗ್ಗುವುದಿಲ್ಲ.

ಇಂತಹ ಪರಾಮರ್ಶೆಯು ಪಾಶ್ಚಾತ್ಯ ವಿದ್ಯೆಯಿಂದಲೇ ಬಂದುದೆಂದು ತಿಳಿಯಬೇಕಾಗಿಲ್ಲ. ಶೂನ್ಯಸಂಪಾದನೆಯ ಕಥೆಯೇ ಇದಕ್ಕೆ ಸಾಕ್ಷಿ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದನು. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯ ಇವರು ಒಬ್ಬರಾದ ಮೇಲೊಬ್ಬರು ಅದನ್ನು ಪರಿಷ್ಕರಿಸಿದರು. ಸಿದ್ಧರಾಮನ ದೀಕ್ಷೆಯ ಪ್ರಸಂಗವು ಈ ನಾಲ್ಕರಲ್ಲಿಯೂ ಒಂದೇ ಬಗೆಯಾಗಿಲ್ಲ. ಹಿಂದಿನವರ ಗ್ರಂಥವನ್ನು ಗೌರವಿಸಿಯೂ ಅದರಲ್ಲಿ ಕೊರತೆ ಕಂಡಲ್ಲಿ ತಿದ್ದುವುದು ಪರಂಪರೆಗೆ ಸಮ್ಮತವಾದ ಮಾರ್ಗವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಹಳಕಟ್ಟಿಯವರು ಶೂನ್ಯಸಂಪಾದನೆಯನ್ನು ಅಚ್ಚಿಗೆ ತಂದ ಮೇಲೆ ಸಂ.ಶಿ. ಭೂಸನೂರಮಠರಂತಹ ವಿದ್ವಾಂಸರು ಅದನ್ನು ಮತ್ತೆ ಸಂಪಾದಿಸಿದುದೂ ಆ ಮಾರ್ಗದ ಮುಂದುವರಿಕೆಯೇ ಆಗಿದೆ.

ದೊರೆತ ಗ್ರಂಥವನ್ನು ಅಳೆಯುವುದು ಹೇಗೆಂಬುದು ಇನ್ನೊಂದು ಪ್ರಶ್ನೆ. ಇತಿಹಾಸ, ಕಾವ್ಯ, ಪುರಾಣ ಎಂಬ ಮೂರಕ್ಕೂ ಒಂದೇ ಅಳತೆಗೋಲು ಸಲ್ಲದು. ಪುರಾಣದ ಪವಾಡವನ್ನು ಚರಿತ್ರೆಯೆಂದು ಹಟ ಹಿಡಿದರೆ ಚರಿತ್ರೆಗೆ ಅಪಚಾರ. ಪವಾಡವಿದೆಯೆಂಬ ಕಾರಣಕ್ಕೆ ಪುರಾಣವನ್ನೇ ತಳ್ಳಿಹಾಕಿದರೆ ಅದರೊಳಗೆ ಅಡಗಿರುವ ಜನಜೀವನದ ನೆನಪಿಗೆ ಅಪಚಾರ. ಶಾಸನತಜ್ಞ ಫ್ಲೀಟ್ ಅಬ್ಬಲೂರಿನ ಶಾಸನವನ್ನು ಓದಿ, ಏಕಾಂತದ ರಾಮಯ್ಯನಿಗೆ ಪ್ರಾಧಾನ್ಯವನ್ನು ಕೊಟ್ಟು, ಬಸವಣ್ಣನವರನ್ನು ಕುರಿತ ಪುರಾಣಗಳ ನಿರೂಪಣೆಯನ್ನು ಸಂಶಯದಿಂದ ಕಂಡರು. ಅಂದಿಗೆ ದೊರೆತಿದ್ದ ಶಾಸನಗಳಲ್ಲಿ ಪುರಾಣದ ಮಾತಿಗೆ ಆಧಾರ ಕಂಡಿರಲಿಲ್ಲ. ಮುಂದೆ ಬೆಳಕಿಗೆ ಬಂದ, 1260ರ ಕಾಲದ ಅರ್ಜುನವಾಡದ ಶಾಸನದಲ್ಲಿ ಸಂಗನಬಸವನ ಹೆಸರು ದೊರೆತಾಗ ಆ ಸಂಶಯಕ್ಕೆ ಉತ್ತರವು ಕಲ್ಲಿನಿಂದಲೇ ಬಂದಿತು. ಸಂಶಯಕ್ಕೆ ಕೋಪವು ಉತ್ತರವಾಗದು, ಆಧಾರವೇ ಉತ್ತರವಾಗಬೇಕು ಎಂಬ ಪಾಠವನ್ನು ಈ ಪ್ರಸಂಗವು ವಿದ್ಯಾರ್ಥಿಗಳಿಗೆ ಕಲಿಸುತ್ತದೆ.

ಕಾವ್ಯಗಳಲ್ಲಿಯೂ ಹೋಲಿಕೆಯು ಅಗತ್ಯ. ಹರಿಹರನ ಬಸವರಾಜದೇವರ ರಗಳೆಯು ಬಸವಣ್ಣನವರ ಕಾಲಕ್ಕೆ ಸಮೀಪವಾದುದು. ಭೀಮಕವಿಯ ಬಸವಪುರಾಣವು 1369ರಲ್ಲಿ, ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯ ಆಧಾರದಿಂದ ರಚಿತವಾದುದು. ಎರಡರಲ್ಲಿಯೂ ಭಕ್ತಿಯಿದೆ, ಎರಡರ ಕಥನವೂ ಒಂದೇ ಅಲ್ಲ. ರಗಳೆಯ ಕೊನೆಯ ಭಾಗವು ಇನ್ನೂ ದೊರೆಯದೆ ಉಳಿದಿದೆ. ಬಸವಣ್ಣನವರ ಬಾಳಿನ ಕಡೆಯ ದಿನಗಳನ್ನು ಹರಿಹರನು ಹೇಗೆ ಕಂಡನೆಂಬುದನ್ನು ತಿಳಿಸಬಲ್ಲ ಗರಿಗಳು ಯಾವುದಾದರೂ ಅಟ್ಟದಲ್ಲಿ ಇವೆಯೋ, ಹೊಳೆಯ ಪಾಲಾದವೋ, ಬಲ್ಲವರಾರು?

ಈ ಕ್ಷೇತ್ರದಲ್ಲಿ ಜಾತಿಮತಗಳ ಗಡಿಯನ್ನು ದಾಟಿ ನಿಂತವರಲ್ಲಿ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಅಗ್ರಗಣ್ಯರು. 1881ರಲ್ಲಿ ಜನಿಸಿದ ಅವರು ಕ್ರೈಸ್ತ ಧರ್ಮಬೋಧಕರು. ಕೈಬರಹಗಳಿಂದಲೂ ಜನರ ಬಾಯಿಯಿಂದಲೂ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಹೊರತಂದರು. ಸರ್ವಜ್ಞನ ಹೆಸರಿನಲ್ಲಿ ಯಾರು ಬೇಕಾದರೂ ಮೂರು ಸಾಲು ಕಟ್ಟಿ ಹಾಡುವ ನಾಡಿನಲ್ಲಿ ಅವನ ಮಾತು ಯಾವುದು, ಸೇರಿದ ಮಾತು ಯಾವುದು ಎಂದು ಬೇರ್ಪಡಿಸುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಮುಂದೆ ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತೂ ಅವರು ಗ್ರಂಥವನ್ನು ಬರೆದರು. 1949ರಲ್ಲಿ ಕಲಬುರಗಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿ ನಾಡು ತನ್ನ ಋಣವನ್ನು ಸ್ವಲ್ಪಮಟ್ಟಿಗೆ ತೀರಿಸಿತು.

ಇನ್ನು ಮುದ್ರಣದ ಮಾತು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅನೇಕ ಶರಣರ ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿಕೊಟ್ಟ ಆ ಗ್ರಂಥದಿಂದ ವಚನಗಳು ಭಕ್ತರ ಮನೆಯಿಂದ ವಿದ್ವಾಂಸರ ಮೇಜಿಗೆ ಬಂದವು. ಪ್ರತಿಯೊಂದು ಗ್ರಂಥಕ್ಕೂ ಬೇರೆಯವರ ಅಚ್ಚುಕೂಟಕ್ಕೆ ಅಲೆಯುವುದು ಅಸಾಧ್ಯವೆಂದು ಮನಗಂಡು, ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯು ಹುಟ್ಟಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯೂ ಅವರಿಗೆ ಒಲಿಯಿತು. ಮೂರು ದಶಕಗಳಿಗೂ ಮಿಕ್ಕಿ ಆ ಪತ್ರಿಕೆಯ ಪುಟಗಳಲ್ಲಿ ಶರಣರ ವಚನಗಳು, ಚರಿತ್ರೆಗಳು, ಹರಿಹರನ ರಗಳೆಗಳು ಒಂದೊಂದಾಗಿ ಬೆಳಕನ್ನು ಕಂಡವು. ಚಂದಾದಾರರ ಸಂಖ್ಯೆ ಎಂದೂ ನೆಮ್ಮದಿಯನ್ನು ತರುವಷ್ಟಿರಲಿಲ್ಲ. ವಿದ್ಯಾಸಂಸ್ಥೆಯನ್ನೂ ಸಹಕಾರಿ ಬ್ಯಾಂಕನ್ನೂ ಊರಿಗೆ ಕಟ್ಟಿಕೊಟ್ಟ ವಕೀಲರು ತಾವು ಬಾಡಿಗೆ ಮನೆಯಲ್ಲಿ ಬಾಳಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಅವರು ಹಾಕಿದ ತಳಹದಿಯ ಮೇಲೆ ಇತರರು ಕಟ್ಟಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಹಳಕಟ್ಟಿಯವರ ಪಾಠಗಳಲ್ಲಿ ತಪ್ಪುಗಳನ್ನು ತೋರಿಸಿ ತಿದ್ದಿದ ವಿದ್ವಾಂಸರೂ ಅವರ ಹೆಸರಿನಿಂದಲೇ ಆರಂಭಿಸಬೇಕಾಯಿತು.

ಇಷ್ಟೆಲ್ಲ ಆದ ಮೇಲೆ ಮಾಡಬೇಕಾದುದು ಉಳಿದಿಲ್ಲವೆಂದು ಭಾವಿಸಿದರೆ ಅದು ದೊಡ್ಡ ಪ್ರಮಾದ. ಹಳೆಯ ಮನೆಗಳನ್ನು ಕೆಡವಿ ಹೊಸ ಮನೆಗಳನ್ನು ಕಟ್ಟುವ ಈ ಕಾಲದಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗೆ ಸ್ಥಳವಿಲ್ಲವಾಗುತ್ತಿದೆ. ಓಲೆಗರಿಯನ್ನು ಸಲೀಸಾಗಿ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಓಲೆಗರಿಯೇ ಅಲ್ಲ, 1920ರ ದಶಕದಲ್ಲಿ ಅಗ್ಗದ ಕಾಗದದ ಮೇಲೆ ಅಚ್ಚಾದ ಪುಸ್ತಕಗಳೂ ಪತ್ರಿಕೆಗಳೂ ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿವೆ.

ಮಠದ ಆಶ್ರಯದಲ್ಲಿ ನಡೆಯುವ ಶಾಲೆಗಳಿಗೆ ಈ ಕಾರ್ಯದಲ್ಲಿ ಇತರರಿಗಿಲ್ಲದ ಅನುಕೂಲವಿದೆ. ಅಪರಿಚಿತ ಸಂಶೋಧಕನಿಗೆ ಪೆಟ್ಟಿಗೆಯನ್ನು ತೆರೆಯದ ಮನೆಯವರು, ಅದೇ ಮನೆಯ ಹುಡುಗನು ಗುರುಗಳೊಡನೆ ಬಂದು ಕೇಳಿದರೆ ತೆರೆದಾರು. ಕಟ್ಟನ್ನು ಮನೆಯಿಂದ ಒಯ್ಯಬೇಕಾದ ಅಗತ್ಯವೂ ಇಂದು ಇಲ್ಲ. ಅಲ್ಲಿಯೇ ಗರಿಗರಿಯ ಛಾಯಾಚಿತ್ರವನ್ನು ತೆಗೆದುಕೊಂಡು, ಅದನ್ನು ಮತ್ತೆ ಜಗಲಿಯ ಮೇಲಿಟ್ಟು ಕೈಮುಗಿದು ಬರಬಹುದು. ಯಾವ ಊರಿನ ಯಾವ ಮನೆಯಲ್ಲಿ ಎಷ್ಟು ಗರಿಗಳ ಕಟ್ಟಿದೆ, ಮೊದಲ ಸಾಲು ಯಾವುದು, ಕೊನೆಯ ಸಾಲು ಯಾವುದು ಎಂದು ಬರೆದಿಟ್ಟ ಒಂದು ಪಟ್ಟಿಯು ಮುಂದಿನ ವಿದ್ವಾಂಸನಿಗೆ ದಾರಿದೀಪವಾಗುತ್ತದೆ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಇದಕ್ಕೆ ತೊಡಗಬಹುದು. ದಾನಿಗಳು ಕಟ್ಟಡಕ್ಕೆ ಕೊಡುವುದರಲ್ಲಿ ಒಂದು ಪಾಲನ್ನು ಹಳಗನ್ನಡ ಮತ್ತು ಓಲೆಗರಿಯ ಓದನ್ನು ಕಲಿಯುವ ಒಬ್ಬ ವಿದ್ಯಾರ್ಥಿಯ ವೇತನಕ್ಕೆ ಮೀಸಲಿಡಬಹುದು. ಅಧ್ಯಾಪಕರು ವರ್ಷಕ್ಕೊಂದು ಹಳೆಯ ಗ್ರಂಥವನ್ನು ಆರಿಸಿ, ಅದರಲ್ಲಿ ಇತಿಹಾಸವೆಷ್ಟು, ಕಾವ್ಯವೆಷ್ಟು, ನಂಬಿಕೆಯೆಷ್ಟು ಎಂದು ಮಕ್ಕಳಿಂದಲೇ ವಿಮರ್ಶೆ ಮಾಡಿಸಬಹುದು.

ಶರಣರು ಕಾಯಕಕ್ಕೆ ಕೊಟ್ಟ ಹಿರಿಮೆಯನ್ನು ಅವರ ಮಾತುಗಳನ್ನು ಉಳಿಸುವ ಕಾಯಕಕ್ಕೂ ಕೊಡುವುದು ಅವರ ಅನುಯಾಯಿಗಳ ಕರ್ತವ್ಯ. ಗ್ರಂಥವನ್ನು ಪೂಜಿಸಿದ ಹಿರಿಯರು ತಮ್ಮ ಪಾಲಿನ ಕೆಲಸವನ್ನು ಮಾಡಿದ್ದಾರೆ. ಓದುವ ಕೆಲಸವು ಕಿರಿಯರ ಪಾಲಿಗೆ ಬಂದಿದೆ.